ಇಂದಿನ ಧಮ್ಮ ಚಿಂತನೆ: ವೀಣೆಯ ಚರ್ಮ, ಪಿಯಾನೋದ ಅಂಟು



ಸಂಯುತ್ತ ನಿಕಾಯದಲ್ಲಿ ವೀಣೋಪಮ ಸುತ್ತ ಎಂಬುದಿದೆ. ಹುಟ್ಟಿದಾಗಿನಿಂದ ವೀಣೆ ಕೇಳದಿದ್ದ ಒಬ್ಬ ರಾಜ ಒಂದು ದಿನ ಅದರ ನಾದ ಕೇಳಿ ಮರುಳಾಗುತ್ತಾನೆ. ವೀಣೆ ತಂದು ಮುಂದಿಟ್ಟರೆ, ಇದು ಬೇಡ, ಆ ನಾದವನ್ನಷ್ಟೇ ತನ್ನಿ ಎನ್ನುತ್ತಾನೆ. ಆಮೇಲೆ ವೀಣೆಯನ್ನು ಹತ್ತು ಹೋಳು, ನೂರು ಹೋಳು ಮಾಡಿ, ಸುಟ್ಟು, ಬೂದಿಯನ್ನು ಗಾಳಿಗೆ ತೂರಿ, ಇಷ್ಟಕ್ಕೆಲ್ಲ ಜನ ಮೋಸಹೋಗಿದ್ದಾರಲ್ಲ ಎಂದು ಬೈಯುತ್ತಾನೆ. ಹೀಗೆಯೇ ಪಂಚಸ್ಕಂಧಗಳನ್ನು ಎಷ್ಟು ಹುಡುಕಿದರೂ ‘ನಾನು’, ‘ನನ್ನದು’ ಎಂಬುದು ಸಿಗದು ಎಂದು ತೋರಿಸಲು ಭಗವಾನ್ ಬುದ್ಧರು ಈ ಕಥೆ ಹೇಳುತ್ತಾರೆ.

ನಾನು ಇವತ್ತು ನಿಲ್ಲಬೇಕೆಂದಿರುವುದು ನಡುವೆ ಬರುವ ಒಂದು ಪಟ್ಟಿಯ ಹತ್ತಿರ. ನಾದ ಯಾವುದರಿಂದ ಹುಟ್ಟುತ್ತದೆ ಎಂದು ರಾಜನಿಗೆ ವಿವರಿಸುವವರು ವೀಣೆಯ ಒಡಲು, ಚರ್ಮ, ದಂಡ, ತಂತಿ, ಮೀಟುವ ಕಡ್ಡಿ, ಮನುಷ್ಯನ ತಕ್ಕ ಪ್ರಯತ್ನ ಎಂದು ಎಣಿಸುತ್ತಾರೆ. ಚರ್ಮ ಎರಡನೆಯದು. ಮುಜುಗರವಿಲ್ಲದೆ, ಮೇಲು ಕೀಳಿಲ್ಲದೆ ಅದನ್ನು ಹೆಸರಿಡಿದು ಹೇಳಲಾಗಿದೆ.

ನಾನು ಪಿಯಾನೋ ರಿಪೇರಿಯವನು ಎಂಬುದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಪಿಯಾನೋದಲ್ಲಿ ಸುಮಾರು 220 ತಂತಿಗಳಿರುತ್ತವೆ. ಅವುಗಳ ಒಟ್ಟು ಎಳೆತ 15 ಟನ್ನಿಗೂ ಮೇಲೆ. ಆದರೆ ತಂತಿಯೊಂದೇ ನುಡಿದರೆ ಪಕ್ಕದವನಿಗೂ ಸರಿಯಾಗಿ ಕೇಳಿಸದು. ವೀಣೆಯವರು ಕುದುರೆ ಎನ್ನುತ್ತಾರಲ್ಲ, ಅಂಥದೇ ಮರದ ಪಟ್ಟಿಯ ಮೂಲಕ ತಂತಿಯ ನಡುಕ ಹಿಂದಿನ ದೊಡ್ಡ ಹಲಗೆಗೆ ಇಳಿಯಬೇಕು. ಅದೇ ಸೌಂಡ್‌ಬೋರ್ಡ್. ಚಳಿ ದೇಶದ ಸ್ಪ್ರೂಸ್ ಮರದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸಿ ಮಾಡಿದ್ದು. ದಪ್ಪ ಬರೀ 8–9 ಮಿಲಿಮೀಟರ್. ಅದಕ್ಕೆ ಬೆನ್ನಲ್ಲಿ ಅಡ್ಡಡ್ಡಲಾಗಿ ಪಕ್ಕೆಲುಬಿನಂಥ ಪಟ್ಟಿಗಳು. ಹಲಗೆ ತಂತಿಯ ಕಡೆಗೆ ಒಂದಿಷ್ಟೇ ಉಬ್ಬಿರುತ್ತದೆ. ಆ ಉಬ್ಬು ಹೋದರೆ ದನಿ ಮಂಕು.

ಮಳೆಗಾಲದ ತೇವಕ್ಕೆ ಹಲಗೆ ಹಿಗ್ಗಲು ನೋಡುತ್ತದೆ, ಅಂಚು ಬಿಗಿಯಾಗಿ ಅಂಟಿರುವುದರಿಂದ ಹಿಗ್ಗಲು ಜಾಗವಿಲ್ಲ. ಒಳಗಿನ ನಾರು ನಜ್ಜಾಗುತ್ತದೆ. ಬೇಸಿಗೆಯಲ್ಲಿ ಅದೇ ಮರ ಮೊದಲಿಗಿಂತ ಹೆಚ್ಚು ಕುಗ್ಗಿ ಸೀಳು ಬಿಡುತ್ತದೆ. ಹೀಗೆ ವರ್ಷ ವರ್ಷ. ಏಪ್ರಿಲ್‌ನಲ್ಲಿ ಕಾಣುವ ಬಿರುಕಿಗೆ ಕಾರಣ ಹಿಂದಿನ ಎಷ್ಟೋ ಜುಲೈಗಳಲ್ಲಿರುತ್ತದೆ. ಪ್ರತೀತ್ಯ ಸಮುತ್ಪಾದ ಎಂಬ ಮಾತು ಪುಸ್ತಕದಲ್ಲಿ ಕಷ್ಟ, ಮರದ ಹಲಗೆಯಲ್ಲಿ ಸುಲಭ. ಅಂದಹಾಗೆ ಬಿರುಕೊಂದರಿಂದಲೇ ಪಿಯಾನೋ ಕೆಡುವುದಿಲ್ಲ. ಪಕ್ಕೆಲುಬು ಬಿಟ್ಟುಕೊಂಡಾಗ ಝಿರ್ ಎಂಬ ಕರ್ಕಶ ದನಿ ಶುರುವಾಗುತ್ತದೆ. ಮನೆಯವರು ತಂತಿ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಬೆಂಗಳೂರಿನ ಒಂದು ಮನೆಯಲ್ಲಿ ಇಂಥದೇ ತೊಂದರೆ. ನೂರು ವರ್ಷ ದಾಟಿದ ಇಂಗ್ಲೆಂಡಿನ ನಿಲುವು ಪಿಯಾನೋ. ಗೋಡೆಯಿಂದ ಎಳೆದು ಹಿಂದಿನಿಂದ ಕೆಲಸ ಮಾಡಬೇಕು. ಸೀಳನ್ನು ಚಾಕುವಿನಿಂದ ಚೊಕ್ಕಗೊಳಿಸಿ, ಸ್ಪ್ರೂಸಿನ ತೆಳು ಚಕ್ಕೆ ಕೂರಿಸಿ, ಪಕ್ಕೆಲುಬುಗಳಿಗೆ ಅಂಟು ಹಾಯಿಸಿ ಬಿಗಿಯಬೇಕು. ನಾನು ಬಳಸುವುದು ಚರ್ಮದ ಅಂಟು. ದನದ ತೊಗಲು ಕುದಿಸಿ ತೆಗೆದದ್ದು, ಕಾಳುಕಾಳಾಗಿ ಬರುತ್ತದೆ. ನೀರಲ್ಲಿ ನೆನೆಹಾಕಿ 60 ಡಿಗ್ರಿ ಆಸುಪಾಸಿನಲ್ಲಿ ಬಿಸಿ ಇಟ್ಟುಕೊಳ್ಳಬೇಕು. ಬಿಳಿ ಅಂಟು ಸಿಗುವುದಿಲ್ಲವೇ ಎಂದರೆ, ಸಿಗುತ್ತದೆ. ಆದರೆ ಹಳೆಯ ಅಂಟಿನ ಮೇಲೆ ಅದು ಕೂರುವುದಿಲ್ಲ. ಚರ್ಮದ ಅಂಟು ಹಳೆಯದರ ಜೊತೆ ಬೆರೆತುಹೋಗುತ್ತದೆ. ಇನ್ನೈವತ್ತು ವರ್ಷ ಬಿಟ್ಟು ಬರುವ ಕೆಲಸಗಾರ ಬಿಸಿನೀರು ಸೋಕಿಸಿ ಅದನ್ನು ಬಿಡಿಸಲೂಬಹುದು.

ಅಂಟು ಕಾಯುವಾಗ ವಾಸನೆ ಬಂದೇ ಬರುತ್ತದೆ. ಯಜಮಾನರು ಬಂದರು. “ಏನ್ರೀ ಇದು?”

“ಚರ್ಮದ ಅಂಟು ಸಾರ್.”

“ಮನೆಯೊಳಗೆ ಇದೆಲ್ಲ ಬೇಡ. ವರಾಂಡಕ್ಕೆ ತಗೊಂಡ್ಹೋಗಿ.”

“ಗಾಳಿ ತಾಗಿದ್ರೆ ಹೆಪ್ಪುಗಟ್ಟುತ್ತೆ ಸಾರ್. ಅಲ್ದೆ, ಈ ಪಿಯಾನೋ ಮಾಡಿದಾಗ ಹಾಕಿದ್ದೂ ಇದೇ. ಇಷ್ಟು ವರ್ಷ ನಿಮ್ಮ ಹಾಲಿನಲ್ಲೇ ಇದೆ.”

ಅವರು ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋದರು. ನಾನು ಅಲ್ಲೇ ಕೆಲಸ ಮುಗಿಸಿದೆ.

ನಮ್ಮ ಭಾಷೆಯನ್ನೇ ನೋಡಿ ಬಂಧುಗಳೇ. ಅಂಟು ಎಂದರೆ ಎರಡನ್ನು ಕೂಡಿಸುವ ವಸ್ತು. ಅಂಟುಮುಟ್ಟು ಎಂದರೆ ಮೈಲಿಗೆ. ನನ್ನ ತಾತ ಊರಿನ ಸತ್ತ ದನ ಎಳೆದವರು. ತೊಗಲು ಸುಲಿದ ಕೈ ಅಂಟು, ಆ ತೊಗಲಿನಿಂದ ಆದ ಅಂಟು ಹಾಲಿನಲ್ಲಿ ಸಂಗೀತ. ಇದು ನಮ್ಮ ದೇಶದ್ದಷ್ಟೇ ಅಲ್ಲ. ಜರ್ಮನ್ ಸೀಮೆಯಲ್ಲೂ ಸತ್ತ ದನ ಸುಲಿಯುವವರನ್ನು ಮಾನವಿಲ್ಲದ ಕಸುಬಿನವರೆಂದು ಶತಮಾನಗಳ ಕಾಲ ದೂರ ಇಟ್ಟಿದ್ದರು.

ಹೀಗೆಂದ ಮಾತ್ರಕ್ಕೆ ತೊಗಲಿನ ಕೆಲಸವೇ ಪವಿತ್ರ, ಅದನ್ನೇ ಮಾಡಿಕೊಂಡಿರಿ ಎನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಆ ಹೊಗಳಿಕೆ ನಮಗೆ ಹಳೆಯ ಬಲೆ. ಸತ್ತ ದನ ಹೊರುವುದು ಬಿಟ್ಟರೆ ನಿಮಗೇ ವರ್ಷಕ್ಕೆ ಇಷ್ಟು ಹಣ ನಷ್ಟ ಎಂದು ಲೆಕ್ಕ ಹೇಳಿದವರಿದ್ದರು. 1956ರ ಅಕ್ಟೋಬರ್ 15ರಂದು ನಾಗಪುರದಲ್ಲಿ ಬಾಬಾಸಾಹೇಬರು ಅದನ್ನು ನೆನೆದು, ಅಷ್ಟು ಲಾಭವಿದ್ದರೆ ಆ ಕೆಲಸ ನೀವೇ ಏಕೆ ಮಾಡಬಾರದು ಎಂದು ಅವರಿಗೆ ತಿರುಗಿ ಕೇಳಿದ್ದನ್ನು ಹೇಳಿದರು. ನನ್ನ ತಾತನಿಗೆ ಆಯ್ಕೆ ಇರಲಿಲ್ಲ. ನನಗಿದೆ, ಕೂಲಿಯನ್ನೂ ನಾನೇ ಹೇಳುತ್ತೇನೆ. ಅಂಟು ಒಂದೇ ಆದರೂ ವ್ಯತ್ಯಾಸ ಅಷ್ಟಿದೆ.

ಸುತ್ತದ ಆ ರಾಜನಿಗೆ ನಾದ ಬೇಕಿತ್ತು, ನಾದವನ್ನು ಮಾಡಿದ್ದು ಬೇಡವಾಗಿತ್ತು. ಅಂಥವರನ್ನು ನಾವೆಲ್ಲ ಬೇರೆ ಬೇರೆ ಮನೆಗಳಲ್ಲಿ ಕಂಡಿದ್ದೇವೆ.

ಈ ಭಾನುವಾರ ಅಧ್ಯಯನ ಕೂಟದಲ್ಲಿ ಇದೇ ಸುತ್ತವನ್ನು ಪೂರ್ತಿ ಓದೋಣ. ತಮಟೆ ಇರುವ ಅಣ್ಣಂದಿರು ತಮಟೆ ತನ್ನಿ, ಚರ್ಮ ಎಂಬ ಮಾತು ಬಂದಾಗ ಬಾರಿಸಿ ಕೇಳಿಸಬಹುದು. ಕಾಯಿಸಲು ಹೊರಗೆ ಬೆಂಕಿ ಹಾಕಬೇಕಾಗುತ್ತದೆ, ಅರ್ಧ ಗಂಟೆ ಮುಂಚೆ ಬಂದರೆ ಒಳ್ಳೆಯದು.

ನಮೋ ಬುದ್ಧಾಯ, ಜೈ ಭೀಮ್.