ಲೆಕ್ಕಕ್ಕೆ ಹತ್ತದ ವರ್ಷ

ಸೆಕೆಂಡ್ ಪಿಯುಸಿ ಮುಗಿಸಿದ ಮಕ್ಕಳು ಒಂದು ವರ್ಷ ಎಲ್ಲೂ ಸೇರುವುದಿಲ್ಲ ಎಂದರೆ ಮೊದಲೆಲ್ಲ ಮನೆಯಲ್ಲಿ ರಂಪವಾಗುತ್ತಿತ್ತು. ಈಗ ಸಲಹೆ ಸಿಗುತ್ತದೆ. ಗ್ಯಾಪ್ ಇಯರ್ ತಗೊಳ್ಳಲಿ ಬಿಡಿ, ಆದರೆ ಪ್ಲಾನ್ ಇರಲಿ: ಶುರುವಿಗೆ ಕೋಡಿಂಗ್, ಆಮೇಲೆ ಎನ್‌ಜಿಒ ಒಂದರಲ್ಲಿ ಸೇವೆ, ನಡುವೆ ಹಿಮಾಲಯದ ಟ್ರೆಕ್, ಕೊನೆಗೊಂದು ಇಂಟರ್ನ್‌ಶಿಪ್. ಒಂದು ದಿನವೂ ದಂಡವಾಗಬಾರದು. ಕರಿಯರ್ ಗೈಡೆನ್ಸ್ ಸಭೆಯೊಂದರಲ್ಲಿ ಇದನ್ನು ಕೇಳುತ್ತ ಕೂತಿದ್ದ ನನಗೆ ಮೈ ಉರಿಯಿತು. ರಂಪ ಮಾಡುತ್ತಿದ್ದ ಅಪ್ಪಂದಿರೇ ವಾಸಿ. ಖಾಲಿ ವರ್ಷ ಎಂದರೆ ನಿಜಕ್ಕೂ ಖಾಲಿ ಎಂದು ಅವರಿಗೆ ಗೊತ್ತಿತ್ತು, ಅದಕ್ಕೇ ಹೆದರುತ್ತಿದ್ದರು. ಈ ಸಲಹೆಗಾರರು ಹೆದರದೆ ಅದನ್ನು ಇನ್ನೆರಡು ಸೆಮಿಸ್ಟರ್ ಮಾಡಿಬಿಡುತ್ತಾರೆ. ವರ್ಷವನ್ನು ಸದುಪಯೋಗ ಮಾಡಿಕೊಂಡೇ ತೀರಬೇಕೆಂಬ ಹಟ ಆ ವರ್ಷವನ್ನೇ ಇಲ್ಲವಾಗಿಸುತ್ತದೆ. ಇದನ್ನು ಸಾಧಿಸಿ ತೋರಿಸಬೇಕೆಂದೇ ಬರೆಯಲು ಕೂತಿದ್ದೇನೆ.

ನಿಷ್ಕಾಮ ಕರ್ಮ, ಕಾಯಕ ತತ್ತ್ವ ಎಂದು ಯಾರಾದರೂ ಶುರುಮಾಡಿದರೆ ದೂರದಿಂದಲೇ ಕೈಮುಗಿಯುತ್ತೇನೆ; ನಮ್ಮ ವೇದಿಕೆಗಳು ಅವನ್ನು ಜಗಿದು ಸಿಪ್ಪೆ ಮಾಡಿಟ್ಟಿವೆ. ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ಸಿರಿವಂತರ ಮಕ್ಕಳು ಇಟಲಿ ಸುತ್ತಿ ಬರುತ್ತಿದ್ದ ಗ್ರ್ಯಾಂಡ್ ಟೂರೂ ನನಗೆ ಬೇಡ. ನನ್ನ ವಾದಕ್ಕೆ ನಿಜವಾಗಿ ಅಡ್ಡ ನಿಲ್ಲುವವನು ರೋಮ್‌ನ ತತ್ತ್ವಜ್ಞಾನಿ ಸೆನೆಕಾ.

ಬದುಕು ಎಷ್ಟು ಗಿಡ್ಡದು ಎಂಬುದರ ಮೇಲೆ ಅವನದೊಂದು ಪ್ರಬಂಧವಿದೆ. ಬರೆದದ್ದು ಪೌಲಿನಸ್‌ಗೆ, ರೋಮ್ ನಗರದ ಧಾನ್ಯ ಸರಬರಾಜು ನೋಡಿಕೊಳ್ಳುತ್ತಿದ್ದ ಅಧಿಕಾರಿಗೆ. ಆಯುಸ್ಸು ಸಾಲದೆಂದು ಗೊಣಗಬೇಡಿ, ಪೋಲು ಮಾಡುವವರು ನೀವೇ ಎನ್ನುತ್ತಾನೆ ಸೆನೆಕಾ. ಜಮೀನಿನ ಗಡಿ ಅಂಗುಲ ಸರಿದರೆ ಕಲ್ಲು ಹಿಡಿದು ಓಡುವ ಜನ ತಮ್ಮ ದಿನಗಳೊಳಕ್ಕೆ ಯಾರು ನುಗ್ಗಿದರೂ ಸುಮ್ಮನಿರುತ್ತಾರೆ. ಊರಿನ ಧಾನ್ಯದ ಲೆಕ್ಕಕ್ಕಿಂತ ನಿನ್ನ ಬದುಕಿನ ಲೆಕ್ಕ ನೋಡಿಕೋ ಎಂಬುದು ಪೌಲಿನಸ್‌ಗೆ ಅವನ ಬುದ್ಧಿವಾದ. ಮುಪ್ಪಿನಲ್ಲಿ ಗೆಳೆಯ ಲುಸಿಲಿಯಸ್‌ಗೆ ಬರೆದ ಪತ್ರಗಳಲ್ಲಿ ಮೊದಲನೆಯದೇ ಕಾಲದ ಮೇಲೆ: ನಾನು ಪೋಲೇ ಮಾಡಿಲ್ಲವೆನ್ನಲಾರೆ, ಎಷ್ಟು ಪೋಲಾಯಿತು, ಏಕೆ ಆಯಿತು ಎಂಬ ಲೆಕ್ಕವನ್ನಂತೂ ಒಪ್ಪಿಸಬಲ್ಲೆ ಎನ್ನುತ್ತಾನೆ. ನಮ್ಮ ಸಲಹೆಗಾರರು ಇವನನ್ನು ಓದಿರಲಿಕ್ಕಿಲ್ಲ, ಆದರೆ ಎಲ್ಲರೂ ಇವನ ಗುಮಾಸ್ತರೇ.

ಲೆಕ್ಕ ಎಂದರೆ ನನಗೂ ಸ್ವಲ್ಪ ಗೊತ್ತು. ಪಿಯುಸಿ ಆದ ಮೇಲೆ ಒಂದು ವರ್ಷ ತಿಪಟೂರಿನಲ್ಲಿ ಸೋದರಮಾವನ ಕೊಬ್ಬರಿ ಮಂಡಿಯಲ್ಲಿ ಖಾತೆ ಬರೆಯುತ್ತ ಕೂತಿದ್ದೆ. ಟೆಂಡರ್ ದಿನ ಬಿಟ್ಟರೆ ಕೆಲಸ ಕಮ್ಮಿ. ತೂಕ, ದರ, ಹಮಾಲಿ, ಮುಂಗಡ ಬರೆದರೆ ಮುಗಿಯಿತು. ಉಳಿದ ಹೊತ್ತೆಲ್ಲ ಚೀಲಕ್ಕೊರಗಿ ಬಂದು ಹೋಗುವವರನ್ನು ನೋಡುವುದೇ. ಮುಂಗಡ ಕೇಳಲು ಬಂದ ರೈತ ದುಡ್ಡಿನ ಮಾತು ಎತ್ತುತ್ತಲೇ ಇರಲಿಲ್ಲ. ಮಳೆಯಿಂದ ಶುರುಮಾಡಿ, ನುಸಿ ಹತ್ತಿದ ತೋಟಕ್ಕೆ ಬಂದು, ಮಗಳ ಬಾಣಂತನ ದಾಟಿ, ಎದ್ದು ಚಪ್ಪಲಿ ಮೆಟ್ಟುವಾಗ, ಹೋಗುವ ಹೊತ್ತಿಗೆ ನೆನಪಾಯಿತೇನೋ ಎಂಬಂತೆ ಕೇಳುತ್ತಿದ್ದ. ಇವತ್ತು ನಾನು ಜನರ ಬಗ್ಗೆ ನಾಲ್ಕು ಸಾಲು ಬರೆಯುವುದಿದ್ದರೆ ಅದು ಆ ಚಪ್ಪಲಿ ಮೆಟ್ಟುವ ಗಳಿಗೆಗಳಿಂದ ಬಂದದ್ದು. ಆಗ ಯಾರಾದರೂ ಪುಸ್ತಕ ತೆರೆದು ಬರೆಯಪ್ಪ ಎಂದಿದ್ದರೆ ಆ ಮಧ್ಯಾಹ್ನಗಳನ್ನೆಲ್ಲ ಖರ್ಚಿನ ಕಡೆಗೇ ಹಾಕುತ್ತಿದ್ದೆ.

ಸೆನೆಕಾ ಎಡವುವುದು ಇಲ್ಲೇ. ಬೆಲೆ ಗೊತ್ತಿದ್ದರೆ ತಾನೇ ಲೆಕ್ಕ? ಆ ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ವರ್ಷವೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನುವತನಕ ಅದು ಉಂಡೆ ಕೊಬ್ಬರಿಯಲ್ಲ. ಕೆಲವು ಕೊಳೆತಿರುತ್ತವೆ; ಒಡೆದಾಗಲೇ ಗೊತ್ತು. ಹದಿನೆಂಟು ತುಂಬಿದವರ ವರ್ಷವೂ ಅಂಥದ್ದು. ಅದರ ಜಮಾಖರ್ಚು ಬರೆಯಬಲ್ಲವನು ಇನ್ನೂ ಹುಟ್ಟಬೇಕಾದ ಇನ್ನೊಬ್ಬ ಮನುಷ್ಯ.

ಸೆನೆಕಾನಿಗೂ ಖಾಲಿ ವರ್ಷಗಳಿದ್ದವು, ಒಂದೆರಡಲ್ಲ. ಚಕ್ರವರ್ತಿ ಕ್ಲಾಡಿಯಸ್ ಅವನನ್ನು ಕ್ರಿ.ಶ. 41ರಲ್ಲಿ ಕಾರ್ಸಿಕಾ ದ್ವೀಪಕ್ಕೆ ಗಡೀಪಾರು ಮಾಡಿದ. ವಾಪಸು ಬಂದದ್ದು 49ರಲ್ಲಿ. ಅಲ್ಲಿಂದ ತಾಯಿ ಹೆಲ್ವಿಯಾಗೆ ಬರೆದದ್ದರಲ್ಲಿ ಮಗ ಸುಖವಾಗಿದ್ದಾನೆ, ಮನಸ್ಸು ನಿರಾಳ, ಆಕಾಶದ ಚಲನೆಯನ್ನು ಚಿಂತಿಸುತ್ತಿದ್ದಾನೆ. ಅದೇ ದ್ವೀಪದಿಂದ ಅರಮನೆಯ ಪ್ರಭಾವಿ ಪೊಲಿಬಿಯಸ್‌ಗೆ ಬರೆದದ್ದು ಸಹೋದರನನ್ನು ಕಳೆದುಕೊಂಡವನಿಗೆ ಸಾಂತ್ವನ ಎಂಬ ಹೆಸರಿನಲ್ಲಿ, ಆದರೆ ತುಂಬ ಚಕ್ರವರ್ತಿಯ ಹೊಗಳಿಕೆ, ನನ್ನನ್ನು ಕರೆಸಿಕೊಳ್ಳಿ ಎಂಬ ಅಂಗಲಾಚಿಕೆ. ವಿದ್ವಾಂಸರು ಈ ಎರಡನೆಯದಕ್ಕೆ ಮುಖ ಸಿಂಡರಿಸುತ್ತಾರೆ. ನನಗೆ ಮಾತ್ರ ಸಮಾಧಾನವಾಯಿತು. ಲೆಕ್ಕದ ಮನುಷ್ಯನೂ ಖಾಲಿ ಕಾಲದಲ್ಲಿ ಪುಸ್ತಕ ಸರಿಯಾಗಿ ಇಡಲಾರದೆ ಹೋದನಲ್ಲ.

ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಅಟ್ಟ ನೆನಪಾಗುತ್ತದೆ. ಸಾಲ ಇರುವವನು ಕಾಯಿಯನ್ನು ಅಟ್ಟಕ್ಕೆ ಹಾಕುವುದಿಲ್ಲ, ಹಸಿಯಾಗಿಯೇ ಮಾರುತ್ತಾನೆ; ಕಾಯುವುದಕ್ಕೂ ದುಡ್ಡು ಬೇಕು. ನಾಲ್ಕು ವರ್ಷದಲ್ಲಿ 30 ಕೋಟಿ ಸೆಸ್ಟರ್ಸ್ ಗಳಿಸಿದ್ದು ಯಾವ ವಿವೇಕದಿಂದ ಎಂದು ಸೆನೆಕಾನನ್ನು ವಿರೋಧಿಯೊಬ್ಬ ಹಂಗಿಸಿದ್ದನ್ನು ಇತಿಹಾಸಕಾರ ಟ್ಯಾಸಿಟಸ್ ಬರೆದಿಟ್ಟಿದ್ದಾನೆ. ನನ್ನ ವರ್ಷವೂ ಮಾವನ ಮನೆಯ ಅನ್ನದ ಮೇಲೆ ನಿಂತದ್ದು. ಕೂತು ಉಣ್ಣುವವನಿಗೆ ಕುಡಿಕೆ ಹಣ ಸಾಲದು ಎಂದು ಅತ್ತೆ ಆಡಿಕೊಳ್ಳಬಹುದಿತ್ತು, ಆಡಲಿಲ್ಲ. ಒಪ್ಪಿದೆ. ಆದರೆ ಬಿಡುವು ಎಲ್ಲರಿಗೂ ಸಿಗುವುದಿಲ್ಲ ಎಂದ ಮಾತ್ರಕ್ಕೆ ಸಿಕ್ಕವರು ಅದಕ್ಕೆ ಟೈಮ್‌ಟೇಬಲ್ ಹಾಕಬೇಕೆಂದಾಗುವುದಿಲ್ಲ.

ಉತ್ತರ ಹೊಳೆಯದಂತೆ ಮಾಡಿದವಳು ಅಕ್ಕನ ಮಗಳು. ಪಿಯುಸಿ ಆದಮೇಲೆ ವರ್ಷ ಬಿಟ್ಟಳು. ಗೋಡೆಯ ಮೇಲೆ ಚಾರ್ಟ್: ತಿಂಗಳಿಗೊಂದು ಚೌಕ, ಚೌಕಕ್ಕೊಂದು ಬಣ್ಣ, ಉದ್ದಕ್ಕೂ ಜರ್ಮನ್ ಕ್ಲಾಸ್. ಮೇಲೆ ಬರೆದದ್ದನ್ನೆಲ್ಲ ಅವಳ ಮುಂದೆ ಭಾಷಣ ಮಾಡಿ, ಕಿತ್ತುಹಾಕು ಅದನ್ನ ಎಂದೆ. ಅವಳು ನಕ್ಕಳು. ‘ಮಾವ, ಅದು ನನಗಲ್ಲ, ಅಮ್ಮನಿಗೆ. ಮನೇಲೇ ಇದ್ದಾಳಲ್ಲ ಅಂತ ಅಜ್ಜೀನ ಆಸ್ಪತ್ರೆಗೆ ಕರಕೊಂಡು ಹೋಗೋದು ನಾನು, ಗ್ಯಾಸ್‌ನವನಿಗೆ ಕಾಯೋದು ನಾನು, ಬಂದವರಿಗೆ ಕಾಫಿ ನಾನು. ಇನ್ನಾರು ತಿಂಗಳು ಹಿಂಗೇ ಇದ್ರೆ ಜಾತಕ ಹೊರಗೆ ಬರುತ್ತೆ. ನೀವು ಮಂಡೀಲಿ ಸುಮ್ನೆ ಕೂತಿದ್ರಿ. ನನ್ನನ್ನ ಯಾರು ಕೂರೋಕೆ ಬಿಡ್ತಾರೆ?’

ಸೆನೆಕಾನ ಗಡಿಕಲ್ಲಿನ ಮಾತು ಇದೇ. ಖಾಲಿ ಬಿಟ್ಟ ಕಾಲ ಖಾಲಿ ಉಳಿಯುವುದಿಲ್ಲ, ಪಕ್ಕದವರು ಉಳುಮೆ ಶುರುಮಾಡುತ್ತಾರೆ. ಅವನಿಗಾದರೂ ಕಾಫಿ ಕಾಸುವವರಂಥ ಗುಲಾಮರು ಮನೆತುಂಬ ಇದ್ದರು. ಹಾಗಿದ್ದೂ ಹೇಳಿದ್ದು ಸರಿಯಾಗಿಯೇ ಇದೆ. ಇಂದಿರಾನಗರದ ಜರ್ಮನ್ ಕ್ಲಾಸಿಗೆ ಅಕ್ಕನ ಮಗಳು ಮೆಟ್ರೊ ಬಿಟ್ಟು ಬಸ್ಸು ಹತ್ತುತ್ತಾಳಂತೆ, ತಡವಾಗಲಿ ಎಂದೇ. ಶಕ್ತಿ ಯೋಜನೆ, ಟಿಕೆಟ್ ಪುಕ್ಕಟೆ. ಕಿಟಕಿ ಪಕ್ಕ ಕೂತು ಏನೂ ಮಾಡುವುದಿಲ್ಲವಂತೆ. ಅಂದರೆ ಚಾರ್ಟ್ ಪೊಲಿಬಿಯಸ್‌ಗೆ ಬರೆದ ಪತ್ರ, ಬಸ್ಸು ಹೆಲ್ವಿಯಾಗೆ ಬರೆದದ್ದು ಎಂದು ವಿಂಗಡಿಸಿ ಕೈತೊಳೆದುಕೊಳ್ಳುತ್ತಿದ್ದೆ. ಆದರೆ ಹೆಲ್ವಿಯಾಗೆ ಬರೆದದ್ದೂ ಅಮ್ಮನನ್ನು ಸಮಾಧಾನಪಡಿಸಲು ಬರೆದದ್ದೇ. ಮಗ ಆಕಾಶ ನೋಡುತ್ತಿದ್ದನೋ, ಗೋಡೆ ನೋಡುತ್ತಿದ್ದನೋ? ಬಸ್ಸಿನ ಮಾತನ್ನು ಅವಳು ಹೇಳಿದ್ದು ಬಿಡುವನ್ನು ಹಾಡಿಹೊಗಳುವ ಈ ಮಾವನಿಗೆ. ಅವನಿಗೆ ಯಾವ ಲೆಕ್ಕ ಒಪ್ಪಿಸಿದರೆ ಸುಮ್ಮನಾಗುತ್ತಾನೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ.