ಬುತ್ತಿ ಬಿಚ್ಚುವ ಜಾಗ

ಶ್ರೀರಂಗಪಟ್ಟಣ ನಮಗೇನೂ ಹೊಸ ಊರಲ್ಲ. ಮದುವೆಯಾದ ಹೊಸದರಲ್ಲಿ ನೋಡಿದ್ದೇನೆ, ಮಗಳ ಶಾಲೆಯ ಪ್ರವಾಸದ ಜೊತೆ ಹೋಗಿ ನೋಡಿದ್ದೇನೆ, ರಂಗನಾಥನ ದರ್ಶನಕ್ಕೆಂದು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಅದೊಂದು ದ್ವೀಪ ಎನ್ನುವುದು ಮಾತ್ರ ಒಮ್ಮೆಯೂ ತಲೆಗೆ ಹೋಗಿರಲಿಲ್ಲ. ಸೇತುವೆ ದಾಟುವಾಗ ಕಿಟಕಿಯಿಂದ ನಾಣ್ಯ ಎಸೆದು ಕೈಮುಗಿಯುತ್ತೇವೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಸೇತುವೆ ಬರುತ್ತದೆ, ಇನ್ನೊಂದು ನಾಣ್ಯ ಎಸೆಯುತ್ತೇವೆ. ಎರಡೂ ಬಿದ್ದದ್ದು ಒಂದೇ ಕಾವೇರಿಗೆ, ನಡುವೆ ನಿಂತಿರುವುದು ನೀರು ಸುತ್ತುವರಿದ ನೆಲ ಎಂದು ಯೋಚಿಸುವಷ್ಟರಲ್ಲಿ ಮೈಸೂರು ಬಂದಿರುತ್ತದೆ.

ಈ ಸಲ ಒಂದು ಇಡೀ ದಿನ ಅಲ್ಲೇ ಕಳೆಯೋಣ ಎಂದವಳು ನನ್ನ ತಂಗಿ. ಅವಳು ಕನಕಪುರದ ಸೊಸೆ. ಅತ್ತಿಗೆ ಮಾಗಡಿಯವರು. ನಾನು ರಾಮನಗರದಲ್ಲಿ, ನನ್ನ ಮಗಳು ಚನ್ನಪಟ್ಟಣದಲ್ಲಿ. ನಾಲ್ಕು ಊರಿಗೆ ಹಂಚಿಹೋದ ಹೆಂಗಸರು ಒಂದು ಕಾರು ಬಾಡಿಗೆಗೆ ಹಿಡಿದು, ಮಗಳ ಎಂಟು ವರ್ಷದ ಮಗನನ್ನೂ ಕೂರಿಸಿಕೊಂಡು ಹೊರಟೆವು. ಪುಳಿಯೋಗರೆ, ಮೊಸರನ್ನ, ನಿಪ್ಪಟ್ಟು, ಹುರಿಗಡಲೆ, ಫ್ಲಾಸ್ಕಿನಲ್ಲಿ ಕಾಫಿ. 2023ರಲ್ಲಿ ಹೊಸ ಹೆದ್ದಾರಿ ಆದಮೇಲೆ ಮದ್ದೂರು ಪಕ್ಕಕ್ಕೆ ಉಳಿದುಬಿಡುತ್ತದೆ. ವಡೆಗಾಗಿ ಹಳೇ ರಸ್ತೆಯಲ್ಲೇ ಹೋಗಬೇಕೆಂದು ಅತ್ತಿಗೆ ಹಟ ಹಿಡಿದರು, ಗೆದ್ದರು.

ಸ್ವಂತಕ್ಕೆ ಗಾಡಿ ಮಾಡಿಕೊಂಡು ಹೋಗುವುದರಲ್ಲಿ ಒಂದು ಸುಖವಿದೆ, ಒಂದು ತಾಪತ್ರಯವೂ ಇದೆ. ಟೂರಿಸ್ಟ್ ಬಸ್ಸಿನಲ್ಲಾದರೆ ಸೀಟಿ ಊದುತ್ತಾರೆ, ಇಳಿಯುತ್ತೇವೆ. ಮತ್ತೆ ಊದುತ್ತಾರೆ, ಹತ್ತುತ್ತೇವೆ. ಯಾವ ಗೋರಿಯ ಮುಂದೆ ಎಷ್ಟು ಹೊತ್ತು ನಿಲ್ಲಬೇಕೆಂದು ಬೇರೆಯವರು ತೀರ್ಮಾನಿಸಿರುತ್ತಾರೆ. ಇಲ್ಲಿ ಡ್ರೈವರ್ ಹುಡುಗ, "ಎಷ್ಟೊತ್ತಾದ್ರೂ ನೋಡ್ಕಂಡ್ ಬನ್ನಿ ಅಮ್ಮಾ, ನಾನಿಲ್ಲೇ ಇರ್ತೀನಿ" ಎಂದು ಸೀಟು ಹಿಂದಕ್ಕೆ ವಾಲಿಸಿ ಮಲಗಿಬಿಟ್ಟ. ಎಷ್ಟು ಹೊತ್ತು ಎಂಬುದನ್ನು ನಾವೇ ಕೇಳಿಕೊಳ್ಳಬೇಕಾಯಿತು.

ಮೊದಲು ಹೋದದ್ದು ಕೋಟೆಯ ಮೂಲೆಯಲ್ಲಿ ಹೊಳೆಗೆ ಮುಖ ಮಾಡಿ ನಿಂತಿರುವ ಸ್ಮಾರಕ ಕಂಬಕ್ಕೆ. 1799ರ ಮೇ 4ರಂದು ಇಂಗ್ಲಿಷರ ಸೈನ್ಯ ಬೇಸಿಗೆಯ ತೆಳು ನೀರಿನಲ್ಲಿ ಹೊಳೆ ದಾಟಿ, ಫಿರಂಗಿಯಿಂದ ಒಡೆದ ಗೋಡೆ ಹತ್ತಿ ಒಳನುಗ್ಗಿದ ಜಾಗ ಅಲ್ಲೇ ಹತ್ತಿರ. ನಾನು ತಿಳಿದಂತೆ ಕಂಬವನ್ನು ಇಂಗ್ಲಿಷರು ನಿಲ್ಲಿಸಲಿಲ್ಲ. 1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ನಿಲ್ಲಿಸಿತು. ದಾಳಿಯಲ್ಲಿ ಸತ್ತ ಅಧಿಕಾರಿಗಳ ಹೆಸರುಗಳನ್ನು ಕೆತ್ತಿದ್ದಾರೆ. ಗೋಡೆಯ ಒಳಗೆ ನಿಂತು ಸತ್ತವರ ಹೆಸರು ಅಲ್ಲಿಲ್ಲ. ಅವರು ಸಾವಿರಗಟ್ಟಲೆ ಇದ್ದರು.

ಟಿಪ್ಪುವಿನ ಮಾತೆತ್ತಿದರೆ ನಮ್ಮ ಮನೆಯಲ್ಲೇ ಎರಡು ಪಕ್ಷ. ಆದ್ದರಿಂದ ನಾನು ಆ ಗೋಜಿಗೆ ಹೋಗುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ದಾಳಿ ಶುರುವಾದದ್ದು ಮಧ್ಯಾಹ್ನ ಸುಮಾರು ಒಂದು ಗಂಟೆಗೆ. ಬಿಸಿಲಿಗೆ ಕಾವಲಿನವರು ಉಂಡು ಒರಗುವ ಹೊತ್ತೆಂದೇ ಆ ವೇಳೆಯನ್ನು ಆರಿಸಿದ್ದರು. ಟಿಪ್ಪುವೂ ಆಗತಾನೆ ಊಟಕ್ಕೆ ಕುಳಿತಿದ್ದ, ಸೇನಾನಿ ಸಯ್ಯದ್ ಗಫಾರ್ ಸತ್ತ ಸುದ್ದಿ ಬಂದು ಅರ್ಧಕ್ಕೇ ಎದ್ದ ಎಂದು ಚರಿತ್ರೆಕಾರರು ಬರೆಯುತ್ತಾರೆ. ಅವತ್ತು ಆ ಊರಿನಲ್ಲಿ ಎಷ್ಟು ಎಲೆಗಳ ಮೇಲೆ ಎಷ್ಟು ಅನ್ನ ಉಳಿಯಿತೋ. ರಾತ್ರಿಯೆಲ್ಲ ಲೂಟಿ ನಡೆಯಿತು. ಮರುದಿನ ಊರಿನ ಜವಾಬ್ದಾರಿ ಹೊತ್ತ ಆರ್ಥರ್ ವೆಲ್ಲೆಸ್ಲಿಯೇ ಲೂಟಿಗೆ ಸಿಗದೆ ಉಳಿದ ಮನೆ ಇಲ್ಲವೇ ಇಲ್ಲ ಎನ್ನುವಂತೆ ಬರೆದುಕೊಂಡಿದ್ದಾನೆ. ಮನೆ ಲೂಟಿಯಾಯಿತು ಎಂದರೆ ಒಳಗಿದ್ದ ಹೆಂಗಸರಿಗೆ ಏನಾಯಿತೆಂದು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಅವರಿಗೆ ಎಲ್ಲೂ ಒಂದು ಕಲ್ಲಿಲ್ಲ.

ಕಂಬದ ಮುಂದೆ ಒಬ್ಬಳು ಹುಡುಗಿ ಮೊಬೈಲನ್ನು ಗೆಳತಿಯ ಕೈಗೆ ಕೊಟ್ಟು ಕುಣಿಯುತ್ತಿದ್ದಳು. "ಸತ್ತೋರ ತಲೆ ಮೇಲೆ ಕುಣೀತಾವಲ್ಲ, ವಸಿ ಹೇಳು ಅವಳಿಗೆ" ಎಂದು ಅತ್ತಿಗೆ ನನ್ನನ್ನು ತಿವಿದರು. ನನಗೆ ಬಾಯಿ ಬರಲಿಲ್ಲ. ಮದುವೆಯಾದ ಹೊಸದರಲ್ಲಿ ಇದೇ ಕಂಬಕ್ಕೆ ಒರಗಿ, ಸಿನಿಮಾ ನಟಿಯ ಹಾಗೆ ಕತ್ತು ಓರೆ ಮಾಡಿ ನಾನು ತೆಗೆಸಿಕೊಂಡ ಫೋಟೊ ನಮ್ಮ ಮನೆಯ ಆಲ್ಬಮ್ಮಿನಲ್ಲಿದೆ. ಪಕ್ಕದಲ್ಲಿ ಬೆಲ್‌ಬಾಟಂ ಹಾಕಿಕೊಂಡ ನಮ್ಮವರು. ಬೆನ್ನ ಹಿಂದೆ ಯಾರ ಹೆಸರಿದೆ ಎಂದು ನಾವಿಬ್ಬರೂ ತಿರುಗಿಯೂ ನೋಡಿರಲಿಲ್ಲ. ಈಗ ಅವರಿಲ್ಲ. ನನ್ನ ಪಾಲಿಗೆ ಆ ಫೋಟೊವೇ ಒಂದು ಸ್ಮಾರಕವಾಗಿಬಿಟ್ಟಿದೆ.

ಅಲ್ಲಿಂದ ಟಿಪ್ಪುವಿನ ಶವ ಸಿಕ್ಕಿದ ಜಾಗಕ್ಕೆ, ಆಮೇಲೆ ಹೊಳೆಯ ದಂಡೆಯ ಗ್ಯಾರಿಸನ್ ಸ್ಮಶಾನಕ್ಕೆ ಹೋದೆವು. ಬಹಳ ಜನ ಅಲ್ಲಿಗೆ ಹೋಗುವುದಿಲ್ಲ. ಮುನ್ನೂರಕ್ಕೂ ಹೆಚ್ಚು ಗೋರಿಗಳು. ಡಿ ಮ್ಯೂರೋನ್ ಎಂಬ ಸ್ವಿಸ್ ರೆಜಿಮೆಂಟಿನವರು ಅಲ್ಲಿದ್ದಾರೆ. ಮೊದಲು ಸಿಲೋನಿನಲ್ಲಿ ಡಚ್ಚರ ಸಂಬಳಕ್ಕಿದ್ದು, 1795ರಲ್ಲಿ ಇಂಗ್ಲಿಷರ ಸಂಬಳಕ್ಕೆ ಬದಲಾದ ದಂಡು ಅದು. ಯಾರದೋ ಜಗಳಕ್ಕೆ ಯಾರದೋ ಸಂಬಳ ತಿಂದು, ಯಾರದೋ ಹೊಳೆಯ ದಂಡೆಯಲ್ಲಿ ಮಣ್ಣಾದವರು. ಅವರ ಹೆಂಡಿರು ಮಕ್ಕಳೂ ಅಲ್ಲೇ ಇದ್ದಾರೆ. ದ್ವೀಪದ ಜ್ವರದ ಕಾಟ ತಾಳಲಾರದೆಯೇ ಇಂಗ್ಲಿಷರು ತಮ್ಮ ದಂಡನ್ನು 1809ರ ಹೊತ್ತಿಗೆ ಬೆಂಗಳೂರಿಗೆ ಸಾಗಿಸಿದ್ದು. ಜ್ವರಕ್ಕೆ ಗೆದ್ದವರು ಸೋತವರು ಎಂಬ ಭೇದವಿಲ್ಲ.

ಮರದ ನೆರಳು ಚೆನ್ನಾಗಿತ್ತು, ಗಾಳಿ ಬರುತ್ತಿತ್ತು, ಮೊಮ್ಮಗನಿಗೆ ಹಸಿವು. ಇಲ್ಲೇ ಡಬ್ಬಿ ಬಿಚ್ಚೋಣವೇ ಎಂದಳು ತಂಗಿ. ಅತ್ತಿಗೆ ಸೆರಗು ಬಿಗಿದು ನಿಂತುಬಿಟ್ಟರು. "ಗೋರಿ ಪಕ್ಕ ಉಣ್ಣೋದಾ? ಮೈಲಿಗೆ ಬಿಡು, ಮರ್ಯಾದೆ ಬ್ಯಾಡ್ವಾ?"

ಮರ್ಯಾದೆ ಎಂಬ ಮಾತು ನನ್ನನ್ನು ಹಿಡಿಯಿತು. ಮೈಲಿಗೆಯಾದರೆ ನೀರು ಹಾಕಿಕೊಂಡರೆ ಹೋಗುತ್ತದೆ. ಮರ್ಯಾದೆಗೆ ಎಷ್ಟು ಅಡಿ ದೂರ ಸಾಕು? ಕಾಂಪೌಂಡಿನ ಆಚೆ ಉಂಡರೆ ಆದೀತೆ? ಕೋಟೆಯ ಒಳಗೆ ಎಲ್ಲಿ ಕಾಲಿಟ್ಟರೂ ಅವತ್ತು ಒಬ್ಬರಲ್ಲ ಒಬ್ಬರು ಬಿದ್ದಿರಬೇಕು. ಮನೆಯಲ್ಲಿ ಸಾವಾದರೆ ಹತ್ತು ದಿನ ಸೂತಕ. ಇನ್ನೂರಿಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದಿನ ಸಾವಿಗೆ ಎಷ್ಟು ದಿನ?

"ಹಂಗೆ ಲೆಕ್ಕ ಹಾಕುದ್ರೆ ನಮ್ ನಮ್ ಅಡುಗೆಮನೇಲೂ ಉಣ್ಣಂಗಿಲ್ಲ ಅತ್ತಿಗಮ್ಮ" ಎಂದಳು ತಂಗಿ. ಅವಳ ಮಾತಿನಲ್ಲಿ ಹುರುಳಿತ್ತು. ಈ ಹೊಳೆಯೇ ಮುಂದೆ ಕನಕಪುರದ ಸೀಮೆಗೆ ಹೋಗಿ ಅರ್ಕಾವತಿಯನ್ನು ಕೂಡಿಕೊಂಡು ಮೇಕೆದಾಟಿನಲ್ಲಿ ಇಕ್ಕಟ್ಟಾಗಿ ನುಗ್ಗುತ್ತದೆ. ಅಲ್ಲಿ ಈಜಲು ಇಳಿದ ಮಕ್ಕಳು ಮುಳುಗಿದ ಸುದ್ದಿ ಬರುತ್ತಲೇ ಇರುತ್ತದೆ. ಮುಂದಿನ ಭಾನುವಾರ ಅದೇ ಬಂಡೆಯ ಮೇಲೆ ಇನ್ನೊಂದು ಸಂಸಾರ ಚಿತ್ರಾನ್ನ ತಿನ್ನುತ್ತಿರುತ್ತದೆ. ಅತ್ತಿಗೆಯ ಮಾಗಡಿಯ ಕಡೆ ಸಾವನದುರ್ಗವಿದೆ. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ದಂಡು ಅದನ್ನು ಹಿಡಿದಾಗ ಓಡಲು ದಾರಿಯಿಲ್ಲದೆ ಬಂಡೆಯಿಂದ ಬಿದ್ದು ಸತ್ತವರು ಎಷ್ಟೋ. ಈಗ ರಜಾ ದಿನ ಬೆಂಗಳೂರಿನ ಹುಡುಗರು ನಗುನಗುತ್ತ ಹತ್ತುತ್ತಾರೆ, ಅತ್ತಿಗೆಯವರು ಕೆಳಗೆ ವೀರಭದ್ರಸ್ವಾಮಿಗೆ ಹಣ್ಣುಕಾಯಿ ಮಾಡಿಸುತ್ತಾರೆ. ನನ್ನ ರಾಮನಗರವೇನು ಕಡಿಮೆ? ನನ್ನ ಅಜ್ಜಿ ಸಾಯುವವರೆಗೂ ಅದನ್ನು ಕ್ಲೋಸ್‌ಪೇಟೆ ಎಂದೇ ಕರೆದರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿಗೆ ರೆಸಿಡೆಂಟಾಗಿ ಬಂದ ಬ್ಯಾರಿ ಕ್ಲೋಸನ ಹೆಸರು ಅದು. ಆ ಯುದ್ಧದ ಹೆಸರನ್ನೇ ಲಕೋಟೆಯ ಮೇಲೆ ಬರೆದು ಸುಮಾರು ನೂರೈವತ್ತು ವರ್ಷ ಹಬ್ಬಕ್ಕೆ ಹೆಣ್ಣುಮಕ್ಕಳನ್ನು ಕರೆಸಿಕೊಂಡೆವಲ್ಲ!

ಆದರೂ ತಂಗಿಯ ಮಾತನ್ನು ಪೂರ್ತಿ ಒಪ್ಪಲು ನನಗಾಗಲಿಲ್ಲ. ಕಾರಣ ಹೇಳುತ್ತೇನೆ.

ಹನ್ನೊಂದು ವರ್ಷದ ಕೆಳಗೆ ಇದೇ ಊರಿನ ಪಶ್ಚಿಮವಾಹಿನಿಗೆ ನಮ್ಮವರ ಅಸ್ಥಿ ಬಿಡಲು ಬಂದಿದ್ದೆವು. ಹೆಂಗಸರು ಬರುವುದು ಬೇಡ ಎಂದಿದ್ದರು, ನಾನು ಕೇಳಲಿಲ್ಲ. ಮೈದುನ ನೀರಿಗಿಳಿದು ನಿಂತಿದ್ದರು. ಸ್ವಲ್ಪ ಆಚೆ, ಮೆಟ್ಟಿಲ ಮೇಲೆ, ಪ್ರವಾಸಕ್ಕೆ ಬಂದವರೊಂದು ಗುಂಪು. ಕಿತ್ತಳೆ ಸುಲಿಯುತ್ತಿದ್ದರು. ಯಾರೋ ಏನೋ ಅಂದರು, ಎಲ್ಲರೂ ಗೊಳ್ಳೆಂದು ನಕ್ಕರು. ಅವರಲ್ಲಿ ಒಬ್ಬಾಕೆ, ನನ್ನ ವಯಸ್ಸಿನವಳೇ, ನಮ್ಮತ್ತ ನೋಡಿದಳು. ಮಡಕೆ ನೋಡಿದಳು, ನನ್ನನ್ನು ನೋಡಿದಳು. ಮತ್ತೆ ಆ ಕಡೆ ತಿರುಗಿ ತೊಳೆ ಬಿಡಿಸತೊಡಗಿದಳು. ಆ ಘಳಿಗೆ ನಾನು ಅವಳಿಗೆ ಇಟ್ಟ ಶಾಪವನ್ನು ಇಲ್ಲಿ ಬರೆಯಲಾರೆ.

ಆಮೇಲೆ ಏನಾಯಿತೆಂದರೆ, ಅದೆಲ್ಲ ಮುಗಿಸಿ ರಸ್ತೆಗೆ ಬಂದಾಗ ಹೊಟ್ಟೆ ಕವಕವ ಅನ್ನುತ್ತಿತ್ತು. ಹೋಟೆಲಿಗೆ ಹೋದೆವು. ಎರಡು ಇಡ್ಲಿ ತಿಂದೆ. ಸಾಲಲಿಲ್ಲ, ಮತ್ತೆರಡು ಹೇಳಿದೆ. ಚಟ್ನಿ ರುಚಿಯಾಗಿದೆ ಅಂತಲೂ ಅನ್ನಿಸಿತು. ಅನ್ನಿಸಿದ್ದೇ ತಡ, ಎದೆಯಲ್ಲಿ ಚಳುಕು ಬಂದ ಹಾಗಾಯಿತು. ಇದನ್ನು ನಾನು ಮಗಳಿಗೂ ಹೇಳಿಲ್ಲ.

ತಿನ್ನುವುದು ತಪ್ಪಲ್ಲ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚದಿದ್ದರೆ ನೆಂಟರ ಮನೆಯಿಂದ ಅನ್ನ ಬರುತ್ತದೆ. ತಿಥಿಯ ಊಟದಲ್ಲಿ ಸಿಹಿಯನ್ನೂ ಬಡಿಸುತ್ತಾರೆ, ಅಳುವವಳ ಬಾಯಿಗೇ ಇಡುತ್ತಾರೆ. ಹಾಗಾದರೆ ಆ ಕಿತ್ತಳೆಯವಳ ಮೇಲೆ ನನಗೆ ಸಿಟ್ಟು ಯಾಕೆ ಬಂತು? ಅವಳು ತಿಂದದ್ದಕ್ಕಲ್ಲ, ನಕ್ಕದ್ದಕ್ಕೂ ಅಲ್ಲ ಎಂದು ಈಗ ಅನ್ನಿಸುತ್ತದೆ. ನೋಡಿಯೂ ನೋಡದವಳ ಹಾಗೆ ತಿರುಗಿದಳಲ್ಲ, ಅದಕ್ಕೆ. ಅವಳು ಏನು ಮಾಡಬೇಕಿತ್ತು ಎಂದು ಕೇಳಿದರೆ ನನಗೂ ಹೇಳಲು ಬರುವುದಿಲ್ಲ. ಎದ್ದು ಬಂದು ಅಳಬೇಕಿತ್ತೇ? ಬಹುಶಃ ಒಂದು ಕ್ಷಣ ತೊಳೆ ಕೈಯಲ್ಲೇ ಹಿಡಿದು ಸುಮ್ಮನಿದ್ದಿದ್ದರೂ ಸಾಕಿತ್ತು.

ಅಂದಮೇಲೆ ಕಂಬದ ಮೇಲಿನ ಹೆಸರು ಓದದೆ ಫೋಟೊ ತೆಗೆಸಿಕೊಂಡ ನಾನೂ ಅವಳೂ ಒಂದೇ. ಸತ್ತವರು ಕೇಳುವುದಿಲ್ಲ ಎನ್ನುವುದು ಉತ್ತರವಾಗುವುದಿಲ್ಲ. ನಮ್ಮವರೂ ಕೇಳುತ್ತಿರಲಿಲ್ಲವಲ್ಲ.

ಡಬ್ಬಿ ಬಿಚ್ಚಲಿಲ್ಲ. ಮೊಮ್ಮಗನಿಗೆ ಕಾರಿನಲ್ಲಿ ನಿಪ್ಪಟ್ಟು ಕೊಟ್ಟು ದರಿಯಾ ದೌಲತ್ತಿಗೆ ಹೋದೆವು. 1784ರಲ್ಲಿ ಕಟ್ಟಿದ ತೇಗದ ಅರಮನೆ, ಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಅದರಲ್ಲಿ ಇಂಗ್ಲಿಷರ ಕರ್ನಲ್ ಬೈಲಿ ಗಾಯವಾಗಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. 1782ರಲ್ಲಿ ಇದೇ ದ್ವೀಪದಲ್ಲಿ ಸೆರೆಯಲ್ಲೇ ಸತ್ತ. ಅವನ ಜೊತೆ ಸಿಕ್ಕಿಬಿದ್ದವರಲ್ಲಿ ಡೇವಿಡ್ ಬೇರ್ಡ್ ಒಬ್ಬ. ಕೈದಿಗಳನ್ನು ಜೋಡಿ ಜೋಡಿಯಾಗಿ ಸರಪಳಿ ಹಾಕಿದ್ದಾರೆಂದು ಕೇಳಿದ ಅವನ ತಾಯಿ, ನನ್ನ ಮಗನ ಜೊತೆ ಕಟ್ಟಿಸಿಕೊಂಡವನ ಗತಿ ಪಾಪ ಏನೋ ಎಂದಳಂತೆ. ನಮ್ಮ ಕಡೆಯ ಯಾವ ತಾಯಿಯೂ ಆಡಬಹುದಾದ ಮಾತು. ಆ ಮಗನೇ 1799ರಲ್ಲಿ ದಾಳಿಯ ಮುಂದಾಳಾಗಿ ಬಂದ. ಗೋಡೆ ಹತ್ತಿದ್ದು ಊರು ಗೆಲ್ಲಲೋ, ಹಳೇ ಸರಪಳಿಯ ಬಾಕಿ ತೀರಿಸಲೋ ಯಾರು ಬಲ್ಲರು.

ಮೊಮ್ಮಗ ಚಿತ್ರದ ಕುದುರೆಗಳನ್ನು ಎಣಿಸುತ್ತಿದ್ದ. ಅವನ ಊರು ಬೊಂಬೆಯ ಊರು. ಬಿಳಿ ಸಿಪಾಯಿಯ ಮೇಲೆ ಹುಲಿ ಎರಗಿರುವ, ಕೈ ತಿರುವಿದರೆ ಹುಲಿ ಗುರುಗುಟ್ಟಿ ಸಿಪಾಯಿ ನರಳುವ ಮರದ ಬೊಂಬೆಯೊಂದು ಟಿಪ್ಪುವಿನ ಹತ್ತಿರವಿತ್ತು, ಇಂಗ್ಲಿಷರು ಎತ್ತಿಕೊಂಡು ಹೋಗಿ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ ಎಂದು ಅವನಿಗೆ ಹೇಳಿದೆ. "ನರಳೋದು ಯಾಕಜ್ಜಿ ಬೊಂಬೇಲಿ? ಆಟ ಅಲ್ವಾ ಅದು?" ಎಂದ. ಮಗಳು ನನ್ನ ಕಡೆ ನೋಡಿದಳು. ನಾನು ಕುದುರೆ ಎಷ್ಟಾಯಿತೆಂದು ಕೇಳಿ ಮಾತು ತಪ್ಪಿಸಿದೆ.

ಗುಂಬಜಿನಲ್ಲಿ ಹೈದರ್, ಅವನ ಹೆಂಡತಿ, ಮಗ ಟಿಪ್ಪು ಮೂವರೂ ಒಂದೇ ಸೂರಿನಡಿ ಇದ್ದಾರೆ. ನೋಡಿಕೊಂಡು ಸಂಗಮಕ್ಕೆ ಬರುವಷ್ಟರಲ್ಲಿ ಎರಡು ಗಂಟೆ. ಬೇರೆಯಾಗಿದ್ದ ಹೊಳೆ ಮತ್ತೆ ಕೂಡುವ ಜಾಗ. ತೆಪ್ಪದವರು ಕೂಗುತ್ತಿದ್ದರು, ಮೀನು ಕರಿಯುವ ವಾಸನೆ, ಬಂಡೆಗಳ ಮೇಲೆ ಒಣಹಾಕಿದ ಸೀರೆಗಳು. ಜಮಖಾನ ಹಾಸಿದೆವು. ಅತ್ತಿಗೆ ಕೊನೆಗೂ ಡಬ್ಬಿ ಬಿಚ್ಚಿದರು. ತಂಗಿ ಯಾವುದೋ ಮದುವೆಯ ಕಥೆ ಶುರುಮಾಡಿದಳು, ನಾವೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದೆವು.

ಆಗ ಕೆಳಗಿನ ಮೆಟ್ಟಿಲಲ್ಲಿ ಐದಾರು ಜನ ಬಂದು ನಿಂತರು. ತಲೆ ಬೋಳಿಸಿದ ಹುಡುಗ, ಕೈಯಲ್ಲಿ ಕೆಂಪು ಬಟ್ಟೆ ಕಟ್ಟಿದ ಮಡಕೆ. ಹಿಂದೆ ಒಬ್ಬ ಹೆಂಗಸು, ನಲವತ್ತೂ ಆಗಿರಲಿಕ್ಕಿಲ್ಲ, ಜೊತೆಗೆ ಒಂದು ಚಿಕ್ಕ ಹೆಣ್ಣುಮಗು. ನಗು ಅಲ್ಲೇ ನಿಂತಿತು. ತಂಗಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಎದ್ದು ಬೇರೆ ಕಡೆ ಹೋಗೋಣವೇ ಎಂದು ಮಗಳು ಪಿಸುಗುಟ್ಟಿದಳು. ಹೋದರೆ ಅದೂ ತಿರುಗಿ ಕುಳಿತ ಹಾಗೆಯೇ ಅಲ್ಲವೇ ಅನ್ನಿಸಿತು. ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟೆ. ಮಡಕೆ ನೀರಿಗೆ ಹೋಗುವವರೆಗೆ ಯಾರೂ ಮಾತಾಡಲಿಲ್ಲ. ಆ ಹೆಂಗಸು ಒಮ್ಮೆ ತಲೆಯೆತ್ತಿ ನಮ್ಮನ್ನು ನೋಡಿದಳು. ಏನು ಕಂಡಳೋ ಗೊತ್ತಿಲ್ಲ. ನಾನು ಕಣ್ಣು ತಪ್ಪಿಸಲಿಲ್ಲ, ಅಷ್ಟೆ.

ಮೆಟ್ಟಿಲು ಹತ್ತಿ ಬರುವಾಗ ಆ ಮಗು ನಮ್ಮ ಡಬ್ಬಿಗಳ ಹತ್ತಿರ ನಿಂತುಬಿಟ್ಟಿತು. ತಾಯಿ ಕೈ ಹಿಡಿದೆಳೆದಳು, ಅದು ಕದಲಲಿಲ್ಲ. ಗೋರಿಯ ಪಕ್ಕ ಉಣ್ಣಬಾರದೆಂದಿದ್ದ ಅತ್ತಿಗೆ, ಸೂತಕದವರ ಕೈಗೆ ತಮ್ಮ ಕೈ ತಾಗಿಸಲಿಕ್ಕಿಲ್ಲವೆಂದು ನಾನಂದುಕೊಂಡಿದ್ದ ಅತ್ತಿಗೆ, ಎಲೆಗೆ ಎರಡು ಸೌಟು ಮೊಸರನ್ನ ಹಾಕಿ ಮಗುವಿಗೆ ಕೊಟ್ಟರು. ಆಮೇಲೆ ಜಮಖಾನದ ಮೇಲೆ ಸ್ವಲ್ಪ ಸರಿದು, "ಕೂತ್ಕೊಳವ್ವ, ಬಿಸಿಲಾಗದೆ. ಯಾವೂರು ನಿಮ್ದು?" ಎಂದು ತಾಯಿಯನ್ನು ಕೇಳಿದರು.