ಹಣೆಬರಹವೋ, ಮನಸ್ಸಿನ ಆಯ್ಕೆಯೋ?

ಪ್ರೀತಿಯಿಂದಾಗಲಿ ವಿವಾಹದಿಂದಾಗಲಿ ಒಬ್ಬರ ಬಾಳು ಕೆಟ್ಟಿತೆಂಬ ಸುದ್ದಿಯನ್ನು ಕೇಳುವಾಗ, "ಏನು ಮಾಡುವದು, ಹಣೆಯಲ್ಲಿ ಬರೆದದ್ದು" ಎಂದು ಹೇಳಿ ಜನರು ಸುಮ್ಮನಾಗುವದುಂಟು. ಸಭೆಯವರಾದ ನಾವು ಆ ಮಾತನ್ನು ಬಿಟ್ಟು "ದೇವರ ಚಿತ್ತ" ಅನ್ನುತ್ತೇವೆ. ಮಾತು ಬದಲಾಯಿತು, ಅರ್ಥವು ಬದಲಾಯಿತೋ ಎಂಬದನ್ನು ವಿಚಾರಿಸುವದು ಒಳ್ಳೇದು.

ನಮ್ಮ ನೆರೆಯವರೆಲ್ಲರೂ ಬಲ್ಲ ಕಾವೇರಿಯ ಕಥೆಯುಂಟಷ್ಟೆ. ತನ್ನನ್ನು ಒಂಟಿಯಾಗಿ ಬಿಟ್ಟುಹೋಗಕೂಡದೆಂಬ ಷರತ್ತಿನ ಮೇಲೆ ಅವಳು ಅಗಸ್ತ್ಯನನ್ನು ವರಿಸಿದಳಂತೆ. ಅವನು ಒಂದು ದಿನ ಅವಳನ್ನು ಬಿಟ್ಟು ಸ್ನಾನಕ್ಕೆ ಹೋದನು. ಅವಳು ನದಿಯಾಗಿ ಹರಿದುಹೋದಳು. ಲೋಕಹಿತಕ್ಕಾಗಿ ನದಿಯಾಗುವದೇ ಅವಳಿಗೆ ವಿಧಿಸಿದ್ದೆಂದು ಹೇಳುವವರು ಹೇಳಲಿ. ಆದರೂ ಕಥೆಯನ್ನು ಕಟ್ಟಿದವರು ಅದರಲ್ಲಿ ಒಂದು ಮಾತುಕೊಡುವಿಕೆಯನ್ನೂ ಒಂದು ಮಾತು ತಪ್ಪುವಿಕೆಯನ್ನೂ ಇಟ್ಟರು. ವಿಧಿಯೊಂದೇ ಸಾಕಾಗಿದ್ದರೆ ಷರತ್ತು ಯಾಕೆ ಬೇಕಿತ್ತು?

ಪುರಾಣವನ್ನು ಬಿಟ್ಟು ಚರಿತ್ರೆಗೆ ಬರೋಣ. 1834ರಲ್ಲಿ ಕುಂಪಣಿಯವರು ಕೊಡಗಿನ ಅರಸನಾದ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕಾಶಿಗೆ ಕಳುಹಿಸಿದರು. 1852ರಲ್ಲಿ ಅವನು ಮಗಳಾದ ಗೌರಮ್ಮನನ್ನು ಇಂಗ್ಲೆಂಡಿಗೆ ಕರಕೊಂಡು ಹೋದನು. ಅದೇ ವರುಷ ಆ ಹುಡುಗಿಗೆ ದೀಕ್ಷಾಸ್ನಾನವಾಯಿತು. ವಿಕ್ಟೋರಿಯ ರಾಣಿಯು ಜ್ಞಾನಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ಪಂಜಾಬಿನ ರಾಜ್ಯವನ್ನು ಕಳಕೊಂಡ ದುಲೀಪಸಿಂಗನು ಮರುವರುಷ ಕ್ರೈಸ್ತನಾದನು. ಇವರಿಬ್ಬರನ್ನು ಕೂಡಿಸಬೇಕೆಂಬದು ರಾಣಿಯ ಆಶೆ, ಅವನು ಒಪ್ಪಲಿಲ್ಲ. 1860ರಲ್ಲಿ ಗೌರಮ್ಮನು ತನಗಿಂತ ಬಹಳ ಹಿರಿಯನಾದ ಕ್ಯಾಂಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾದಳು. ಒಬ್ಬ ಮಗಳು ಹುಟ್ಟಿದಳು. 1864ರಲ್ಲಿ, ಇನ್ನೂ ಯೌವನದಲ್ಲಿಯೇ, ಆಕೆಯು ತೀರಿಕೊಂಡಳು. ಆ ಸಂಸಾರವು ಸುಖದ್ದಾಗಿರಲಿಲ್ಲವೆಂದು ಚರಿತ್ರೆ ಬರೆದವರು ಹೇಳುತ್ತಾರೆ.

ಇದನ್ನು ಓದಿದವರು "ಪಾಪ, ಅವಳ ಹಣೆಬರಹ" ಅನ್ನುವದು ಸುಲಭ. ಆದರೆ ರಾಜ್ಯವನ್ನು ತೆಗೆದುಕೊಂಡವರು ಮನುಷ್ಯರು. ಸಮುದ್ರ ದಾಟಿಸಿದವನು ತಂದೆ. ವರನನ್ನು ನೆನಸಿದವಳು ರಾಣಿ. ಬೇರೆಯವರು ಆರಿಸಿದ್ದೆಲ್ಲವನ್ನೂ ಒಟ್ಟುಗೂಡಿಸಿ ವಿಧಿಯೆಂದು ಹೆಸರಿಟ್ಟರೆ ಯಾರ ಮೇಲೂ ಲೆಕ್ಕ ಬೀಳುವದಿಲ್ಲ. ಆ ದೀಕ್ಷಾಸ್ನಾನವನ್ನು ನಮ್ಮವರು ಹೆಮ್ಮೆಯಿಂದ ಹೇಳುವದುಂಟು. ಹನ್ನೊಂದು ವರುಷದ ಹುಡುಗಿಯ ಮನಸ್ಸನ್ನು ಯಾರು ಎಷ್ಟು ವಿಚಾರಿಸಿದರೆಂದು ಕೇಳುವವರು ಕಡಿಮೆ. ಮದುವೆಗಾದರೋ ಆಕೆಯೂ ಒಪ್ಪಿರಬೇಕು. ಆದರೆ ಇಕ್ಕಟ್ಟಾದ ಓಣಿಯಲ್ಲಿ ನಡೆಯುವವನು ಹಾಕುವ ಹೆಜ್ಜೆಯೂ ಅವನದೇ, ಬಯಲಿನಲ್ಲಿ ನಡೆಯುವವನ ಹೆಜ್ಜೆಯೂ ಅವನದೇ. ಎರಡನ್ನೂ ಒಂದೇ ಅಳತೆಯಿಂದ ಅಳೆಯುವದು ನ್ಯಾಯವಲ್ಲ.

ಆದಿಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯವನ್ನು ನೋಡಿರಿ. ರೆಬೆಕ್ಕಳ ಮನೆಯವರು ಈ ಕಾರ್ಯವು ಕರ್ತನಿಂದಲೇ ಬಂತೆಂದು ಒಪ್ಪಿಕೊಂಡರು. ಹಾಗೆ ಒಪ್ಪಿದ ಮೇಲೆಯೂ ಅವಳನ್ನು ಕರೆದು, ಈ ಮನುಷ್ಯನ ಸಂಗಡ ಹೋಗುತ್ತೀಯೋ ಎಂದು ಕೇಳಿದರು. ಅವರು ಕೇಳಿದ್ದು ಕೂಡಲೇ ಹೊರಡುವ ವಿಷಯವೆಂದು ಯಾರಾದರೂ ಹೇಳಬಹುದು. ಇರಲಿ, ಅವಳ ಉತ್ತರಕ್ಕಾಗಿ ಎಲ್ಲರೂ ಕಾದರಷ್ಟೆ. ದೇವರ ಚಿತ್ತವನ್ನು ನಂಬಿದವರೇ ಹುಡುಗಿಯ ಬಾಯಿಂದ ಮಾತು ಬರಲೆಂದು ಕಾದರು.

ನಮ್ಮ ದೇವಾಲಯಗಳಲ್ಲಿಯೂ ಬೋಧಕರು ವಧುವನ್ನು ಕೇಳುತ್ತಾರೆ, ನಿಜ. ಆದರೆ ಆ ಹೊತ್ತಿಗೆ ನೆಂಟರು ಬಂದು ಕೂತಿರುತ್ತಾರೆ, ಊಟದ ಅಡಿಗೆ ಬೆಂದಿರುತ್ತದೆ. ರೆಬೆಕ್ಕಳನ್ನು ಕೇಳಿದ್ದು ತೌರಮನೆಯಲ್ಲಿ, ಒಂಟೆ ಹತ್ತುವದಕ್ಕೆ ಮುಂಚೆ.